ರಾಜ್ಯಗಳ ಗೆರೆ ಅಳಿಸಿ ಹುಳಿ ಬಳಿದ ನಕ್ಷೆ

ಕೆಲಸ ಕೊಟ್ಟವರು ಹೇಳಿದ್ದು ಇಷ್ಟೇ: ಕ್ಯಾಂಟೀನ್ ಗೋಡೆಗೆ ಭಾರತದ ಊಟದ ಇನ್ಫೋಗ್ರಾಫಿಕ್ ಬೇಕು, ರಾಜ್ಯಕ್ಕೊಂದು ತಿಂಡಿಯ ಚಿತ್ರ, ಕೆಳಗೆ ಹೆಸರು. ಬೆಂಗಳೂರಿನ ಹೊರವಲಯದ ಒಂದು ಕಂಪನಿ ಅದು. ದೇಶದ ಎಲ್ಲ ಮೂಲೆಯ ಜನರೂ ಅಲ್ಲಿದ್ದಾರೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಒಂದೆರಡು ನಿಮಿಷ ನೋಡಬೇಕು, ಖುಷಿಪಡಬೇಕು ಅನ್ನುವುದು ಅಡ್ಮಿನ್ ವಿಭಾಗದವರ ಆಸೆ.

ಇಂಥ ನಕ್ಷೆಗಳನ್ನು ನೀವೂ ನೋಡಿರುತ್ತೀರಿ. ಪಂಜಾಬಿಗೆ ಸರಸೋಂ ಸಾಗ್, ಗುಜರಾತಿಗೆ ಢೋಕ್ಲಾ, ಕೇರಳಕ್ಕೆ ಪುಟ್ಟು, ಕರ್ನಾಟಕಕ್ಕೆ ಬಿಸಿಬೇಳೆ ಬಾತ್ ಇಲ್ಲವೇ ಮಸಾಲೆ ದೋಸೆ. ನೋಡೋಕೆ ಚೆಂದವೇ. ಆದರೆ ಬೀದರಿನವರು ಅದರ ಮುಂದೆ ನಿಂತು ತಮ್ಮ ಊಟ ಎಲ್ಲಿ ಅಂತ ಹುಡುಕಬೇಕು? ಜೋಳದ ರೊಟ್ಟಿ ಕಲಬುರಗಿಯಲ್ಲೂ ಅದೇ, ಗಡಿ ದಾಟಿ ಸೋಲಾಪುರಕ್ಕೆ ಹೋದರೆ ಭಾಕ್ರಿ, ತೆಲಂಗಾಣದ ಕಡೆ ಹೊರಳಿದರೆ ಜೊನ್ನ ರೊಟ್ಟೆ. ಮೂರು ರಾಜ್ಯ, ಒಂದೇ ರೊಟ್ಟಿ. ಹಾಗೇ ಮಂಗಳೂರಿನವರಿಗೂ ಮಂಡ್ಯದವರಿಗೂ ಒಂದೇ ರಾಜ್ಯ ಅನ್ನುವುದು ಬಿಟ್ಟರೆ ಊಟದಲ್ಲಿ ಹೋಲಿಕೆ ಕಡಿಮೆ.

ಯಾಕೆ ಹೀಗೆ ಅನ್ನುವುದು ಗುಟ್ಟೇನಲ್ಲ. ಈಗಿನ ಕರ್ನಾಟಕದ ಗಡಿ 1956 ರ ನವೆಂಬರ್ 1 ರಂದು ಬಂದದ್ದು, ಭಾಷೆ ನೋಡಿ ಎಳೆದದ್ದು. ಅದಕ್ಕೂ ಮುಂಚೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿದ್ದವು. ಅಡುಗೆಮನೆಗಳಿಗೆ ಆ ಗಡಿಯೂ ಗೊತ್ತಿರಲಿಲ್ಲ, ಈ ಗಡಿಯೂ ಗೊತ್ತಿಲ್ಲ. ಅವು ಮಣ್ಣು ಮತ್ತು ಮಳೆಯ ಮಾತು ಕೇಳುತ್ತವೆ.

ತಿಂಡಿಯ ಚಿತ್ರಗಳಲ್ಲಿ ಇನ್ನೊಂದು ತೊಂದರೆಯೂ ಇದೆ. ರಸಗುಲ್ಲಾ ಯಾರ ಮೇಲೆ ಬಿಡಿಸಬೇಕು? 2017 ರಲ್ಲಿ ಬಂಗಾಳದ ರಸಗುಲ್ಲಾಗೆ ಜಿಐ ಟ್ಯಾಗ್ (ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಮುದ್ರೆ) ಸಿಕ್ಕಿತು, 2019 ರಲ್ಲಿ ಒಡಿಶಾದ್ದಕ್ಕೂ ಸಿಕ್ಕಿತು. ಕ್ಯಾಂಟೀನಿನಲ್ಲಿ ಎರಡೂ ಕಡೆಯವರು ಇದ್ದಾರೆ. ಈ ಜಗಳ ನನಗೆ ಬೇಡ ಅನ್ನಿಸಿತು. ತಿಂಡಿ ಬಿಟ್ಟು ಬೇರೆ ಏನನ್ನಾದರೂ ಹಿಡಿಯುತ್ತೇನೆ, ಒಂದು ಕರಡು ನೋಡಿ ಆಮೇಲೆ ಹೇಳಿ ಅಂದೆ. ಒಪ್ಪಿದರು, ಅರೆಮನಸ್ಸಿನಿಂದ.

ಮೊದಲು ಕೈಗೆತ್ತಿಕೊಂಡದ್ದು ಧಾನ್ಯ. ಶಾಲೆಯ ಭೂಗೋಳದಲ್ಲೇ ಓದಿದ್ದೇವಲ್ಲ, ವರ್ಷಕ್ಕೆ 1,000 ಮಿಲಿಮೀಟರ್ ಮಳೆಯ ಗೆರೆ ಎಳೆದರೆ ಹೆಚ್ಚು ಮಳೆಯ ಕಡೆ ಅಕ್ಕಿ, ಕಡಿಮೆ ಕಡೆ ಗೋಧಿ ಮತ್ತು ಸಿರಿಧಾನ್ಯ ಅಂತ. ಬೆಳೆಯ ಅಂಕಿಅಂಶ ಸುಲಭವಾಗಿ ಸಿಗುತ್ತದೆ, ಹಾಗಾಗಿ ಇನ್ಫೋಗ್ರಾಫಿಕ್ ಮಾಡುವವರು ಅದನ್ನೇ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ಆದರೆ ಬೆಳೆಯುವುದು ಬೇರೆ, ಉಣ್ಣುವುದು ಬೇರೆ. ಪಂಜಾಬ್ ರಾಶಿ ರಾಶಿ ಭತ್ತ ಬೆಳೆದು ಕೇಂದ್ರದ ದಾಸ್ತಾನಿಗೆ ಕೊಡುತ್ತದೆ, ಮನೆಯಲ್ಲಿ ತಿನ್ನುವುದು ರೊಟ್ಟಿ. ಮಂಡ್ಯಕ್ಕೆ ಕಾಲುವೆ ನೀರು ಬಂದು ಭತ್ತ, ಕಬ್ಬು ಬಂದವು, ಆದರೂ ತಟ್ಟೆಯಿಂದ ಮುದ್ದೆ ಇಳಿಯಲಿಲ್ಲ. ಬೆಳೆಯ ನಕ್ಷೆಯನ್ನು ಊಟದ ನಕ್ಷೆ ಅಂತ ತೋರಿಸಿದರೆ ಅದು ಸುಳ್ಳು.

ಹಾಗಾಗಿ ಕೇಂದ್ರ ಸರ್ಕಾರದ ಮನೆಖರ್ಚಿನ ಸಮೀಕ್ಷೆಗೆ ಹೋದೆ. ಮನೆಮನೆಗೆ ಹೋಗಿ, ಯಾವ ಧಾನ್ಯ, ಯಾವ ಎಣ್ಣೆ, ಎಷ್ಟು ಬಳಸಿದಿರಿ ಅಂತ ಕೇಳಿ ಬರೆದುಕೊಳ್ಳುವ ಸಮೀಕ್ಷೆ ಅದು. 2011–12 ರ ಸುತ್ತಿನ ನಂತರ ಬಹಳ ಕಾಲ ಹೊಸ ಅಂಕಿ ಬಂದಿರಲಿಲ್ಲ, 2022–23 ರದ್ದು ಬಂದಿದೆ. ಪಿಡಿಎಫ್ ಕೋಷ್ಟಕಗಳನ್ನು ಎಕ್ಸೆಲ್ಲಿಗೆ ಇಳಿಸುವ ಕೆಲಸ ಬೇಜಾರಿನದು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಅಲ್ಲಿ ಕಣ್ಣಿಗೆ ಬಿದ್ದದ್ದು ಎಣ್ಣೆ. ಬಂಗಾಳ, ಬಿಹಾರ, ಅಸ್ಸಾಂ, ರಾಜಸ್ಥಾನದಲ್ಲಿ ಸಾಸಿವೆ ಎಣ್ಣೆ. ಕೇರಳದಲ್ಲಿ ತೆಂಗಿನೆಣ್ಣೆ. ಗುಜರಾತಿನಲ್ಲಿ ಕಡಲೆಕಾಯಿ ಎಣ್ಣೆ. ಒಂದು ಊಟ ಯಾವ ಕಡೆಯದು ಅನ್ನುವುದು ಒಗ್ಗರಣೆ ವಾಸನೆಯಲ್ಲೇ ಗೊತ್ತಾಗುತ್ತದೆ. ನಕ್ಷೆಗೆ ಇದೇ ಸರಿ ಅಂದುಕೊಂಡು ಬಣ್ಣ ತುಂಬಲು ಕೂತೆ. ತುಂಬುತ್ತಾ ಹೋದ ಹಾಗೆ ಬಹಳಷ್ಟು ರಾಜ್ಯಗಳಲ್ಲಿ ಮೇಲೆ ಬಂದದ್ದು ರಿಫೈನ್ಡ್ ಎಣ್ಣೆ. ಅದಕ್ಕೆ ಊರಿಲ್ಲ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಇಂಡೋನೇಷ್ಯಾ, ಮಲೇಷ್ಯಾದ ತಾಳೆ, ಅರ್ಜೆಂಟೀನಾ, ಬ್ರೆಜಿಲಿನ ಸೋಯಾ, ರಷ್ಯಾ, ಉಕ್ರೇನಿನ ಸೂರ್ಯಕಾಂತಿ. ಇವತ್ತಿನ ನಿಜ ಬರೆದರೆ ನಕ್ಷೆಯೆಲ್ಲ ಒಂದೇ ಬಣ್ಣ. ಹಳೆಯ ಎಣ್ಣೆ ಬರೆಯೋಣ ಅಂದರೆ ಎಷ್ಟು ಹಳೆಯದು? ವಿಜಯಪುರದ ಕಡೆ ಕಡಲೆಕಾಯಿ ಎಣ್ಣೆ ಅಂತ ಬರೆಯಬಹುದು, ಆದರೆ ಅಲ್ಲಿನ ಹಿರಿಯರನ್ನು ಕೇಳಿದರೆ ಕುಸುಬೆ ಎಣ್ಣೆ ಅನ್ನುತ್ತಾರೆ. ಹಳೇ ಮೈಸೂರಿನ ಕಡೆ ಹುಚ್ಚೆಳ್ಳೆಣ್ಣೆ. ಕಡಲೆಕಾಯಿ ಗಿಡವೇ ದಕ್ಷಿಣ ಅಮೆರಿಕದಿಂದ ಬಂದದ್ದು, ಅಲ್ವಾ.

ಎಣ್ಣೆಯನ್ನು ಬದಿಗಿಟ್ಟೆ. ಪೂರ್ತಿ ಬಿಡಲಿಲ್ಲ, ಮೂಲೆಯ ಒಂದು ಸಣ್ಣ ನಕ್ಷೆಗೆ ಇಳಿಸಿದೆ.

ಹುಳಿ ಹೊಳೆದದ್ದು ಎಣ್ಣೆಯ ವಿಚಾರಕ್ಕೆ ಫೋನ್ ಮಾಡಿದಾಗ. ಗೆಳತಿಯೊಬ್ಬಳ ಅತ್ತೆ ಗುವಾಹಟಿಯವರು. ಮೀನಿನ ಸಾರಿಗೆ ಯಾವ ಎಣ್ಣೆ ಅಂತ ಕೇಳುತ್ತಾ, "ಹುಣಸೆ ಎಷ್ಟು ಹಾಕ್ತೀರಿ ಆಂಟಿ?" ಅಂದೆ, ಸುಮ್ನೆ ಮಾತಿಗೆ. ಅವರು ನಕ್ಕರು. "ಹುಣಸೆ ಯಾಕಮ್ಮಾ? ಔ ಟೆಂಗಾ ಇದೆ, ಥೇಕೆರಾ ಇದೆ, ನಿಂಬೆ ಇದೆ." ಔ ಟೆಂಗಾ ಅಂದರೆ ನಮ್ಮ ಕಡೆಯ ಬೆಟ್ಟಕಣಗಲು. ಥೇಕೆರಾ ಏನು ಅಂತ ಹುಡುಕಿದರೆ ಅದು ಗಾರ್ಸೀನಿಯಾ ಜಾತಿಯ ಮರ. ನಮ್ಮ ಮುರುಗಲು, ಅಂದರೆ ಕರಾವಳಿಯವರ ಪುನರ್ಪುಳಿ, ಅದೂ ಗಾರ್ಸೀನಿಯಾ. ಮಲೆನಾಡಿನ ಉಪ್ಪಾಗೆ, ಕೋಟ್ಟಯಂ ಕಡೆಯ ಮೀನು ಸಾರಿಗೆ ಹಾಕುವ ಕುಡಂಪುಳಿ, ಕೊಡಗಿನವರು ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿ ಮಾಡುವ ಕಾಚಂಪುಳಿ, ಈ ಮೂರೂ ಒಂದೇ ಮರದಿಂದ.

ದೇಶದ ನೈಋತ್ಯ ಮೂಲೆ ಮತ್ತು ಈಶಾನ್ಯ ಮೂಲೆ. ಎರಡರ ನಡುವೆ ಸಾವಿರಾರು ಕಿಲೋಮೀಟರ್. ಎರಡೂ ಕಡೆ ಮಳೆ ಸುರಿಯುತ್ತದೆ, ಎರಡೂ ಕಡೆ ಒಂದೇ ಕುಲದ ಮರಗಳು, ಎರಡೂ ಕಡೆ ಆ ಹಣ್ಣನ್ನು ಒಣಗಿಸಿಟ್ಟು ಮೀನಿಗೆ ಹಾಕುತ್ತಾರೆ. ರಾಜ್ಯಕ್ಕೊಂದು ತಿಂಡಿ ಬಿಡಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಅಲ್ಲಿಂದ ಕೆಲಸ ತಾನಾಗೇ ಓಡಿತು. ಮಳೆ ಕಡಿಮೆಯಾದಂತೆ ಹುಣಸೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ಚಿತ್ರದುರ್ಗದ ಕಡೆ 600 ರ ಆಸುಪಾಸು. ಅಲ್ಲಿ ಉಪ್ಪಾಗೆ, ವಾಟೆಹುಳಿ, ಅಮಟೆಕಾಯಿ. ಇಲ್ಲಿ ಹುಣಸೆ. ಬಯಲುಸೀಮೆಯಿಂದ ತಮಿಳುನಾಡು, ಆಂಧ್ರ, ತೆಲಂಗಾಣ, ಮರಾಠವಾಡದವರೆಗೆ ಹುಣಸೆಯ ರಾಜ್ಯಭಾರ. ಅದರ ಒಳಗೇ ಇನ್ನೊಂದು ತೇಪೆ: ಆಂಧ್ರದ ಗೋಂಗೂರ, ನಮ್ಮ ರಾಯಚೂರು–ಕಲಬುರಗಿಯ ಪುಂಡಿಪಲ್ಯ, ಎರಡೂ ಒಂದೇ ಸೊಪ್ಪು, ಹುಳಿ ಅದರಲ್ಲೇ ಇದೆ. ಉತ್ತರ ಪ್ರದೇಶ, ಬಿಹಾರಕ್ಕೆ ಹೋದರೆ ಒಣ ಮಾವಿನಕಾಯಿಯ ಪುಡಿ, ಆಮ್‌ಚೂರ್. ಒಡಿಶಾದಲ್ಲಿ ಮಾವಿನಕಾಯಿಯ ಹೋಳು ಉಪ್ಪು ಹಚ್ಚಿ ಒಣಗಿಸಿದ ಆಂಬುಲ. ರಾಜಸ್ಥಾನದಲ್ಲಿ ಮರ ಕಡಿಮೆ, ದನಕರು ಜಾಸ್ತಿ, ಅಲ್ಲಿ ಹುಳಿ ಅಂದರೆ ಮಜ್ಜಿಗೆ ಮತ್ತು ಒಣ ಕಾಚ್ರಿ (ಸೌತೆಯ ಜಾತಿಯ ಕಾಡುಕಾಯಿ). ಜಮ್ಮು, ಹಿಮಾಚಲದ ಬೆಟ್ಟಗಳಲ್ಲಿ ಕಾಡು ದಾಳಿಂಬೆಯ ಒಣ ಬೀಜ. ಕಾಶ್ಮೀರದಲ್ಲಿ ಮೊಸರು, ಅಲ್ಲಿನ ಮಾಂಸದ ಸಾರು ಯಖ್ನಿ ನಿಂತಿರುವುದೇ ಅದರ ಮೇಲೆ. ಗೋವಾದಲ್ಲಿ ಪುನರ್ಪುಳಿಯ ಜೊತೆಗೆ ಪೋರ್ಚುಗೀಸರ ಕಾಲದಿಂದ ತೆಂಗಿನ ಕಳ್ಳಿನ ವಿನಿಗರ್.

ಈಶಾನ್ಯ ಮಾತ್ರ ಈ ಲೆಕ್ಕಕ್ಕೆ ಸುಲಭವಾಗಿ ಸಿಗಲಿಲ್ಲ. ಅಸ್ಸಾಮಿನ ಬಯಲು ಸರಿ, ಬೆಟ್ಟ ಹತ್ತಿದರೆ ಹುಳಿಯ ಕೆಲಸವನ್ನು ಬಹಳಷ್ಟು ಹುದುಗಿಸಿದ ಪದಾರ್ಥಗಳೇ ಮಾಡುತ್ತವೆ. ನಾಗಾಲ್ಯಾಂಡಿನಲ್ಲಿ ಹುದುಗಿಸಿದ ಕಳಲೆ ಮತ್ತು ಸೋಯಾದ ಅಖುನಿ. ಮಣಿಪುರದಲ್ಲಿ ಹುದುಗಿಸಿದ ಮೀನು, ಙಾರಿ. ಸಿಕ್ಕಿಂನಲ್ಲಿ ಒಣ ಸೊಪ್ಪಿನ ಗುಂಡ್ರುಕ್. ಇವನ್ನೆಲ್ಲ ಹುಳಿ ಅಂತ ಕರೆದರೆ ಅರ್ಧ ಸರಿ ಮಾತ್ರ, ಙಾರಿ ಹಾಕುವುದು ಹುಳಿಗಲ್ಲ, ರುಚಿಯ ಆಳಕ್ಕೆ. ಬಣ್ಣದ ಮೇಲೆ ಇನ್ನೊಂದು ಪದರ ಬೇಕಾಯಿತು. ಹುದುಗಿಸುವ ಜಾಗಗಳಿಗೆಲ್ಲ ಸಣ್ಣ ಗುಳ್ಳೆಗಳ ವಿನ್ಯಾಸ ಹಾಕಿದೆ. ಹಾಕಿದ ಮೇಲೆ ನೋಡಿದರೆ ಅದು ಈಶಾನ್ಯಕ್ಕೆ ಸೀಮಿತವಲ್ಲ, ಇಡ್ಲಿ–ದೋಸೆ ಹಿಟ್ಟಿನ ದಕ್ಷಿಣವೂ, ಢೋಕ್ಲಾದ ಗುಜರಾತೂ, ನೀರಲ್ಲಿ ನೆನೆಸಿ ಹುಳಿಸಿದ ಅನ್ನ, ಅಂದರೆ ಪಖಾಳದ ಒಡಿಶಾವೂ ಗುಳ್ಳೆಯೇ.

ಜಾಗದ ಸಮಸ್ಯೆ ಬೇರೆ. ಯಾವ ಭಾರತ ನಕ್ಷೆ ತೆಗೆದರೂ ಈಶಾನ್ಯದ ಎಂಟು ರಾಜ್ಯಗಳು ಬಲಮೂಲೆಯಲ್ಲಿ ಒತ್ತಿಕೊಂಡಿರುತ್ತವೆ, ಹೆಸರು ಬರೆಯಲೂ ಜಾಗ ಇರುವುದಿಲ್ಲ. ರಾಜಸ್ಥಾನದಲ್ಲಿ ಬೇಕಾದಷ್ಟು ಖಾಲಿ ಜಾಗ, ಹೇಳಲು ಎರಡೇ ಹುಳಿ. ಈಶಾನ್ಯವನ್ನು ಕತ್ತರಿಸಿ, ಎರಡು ಪಟ್ಟು ದೊಡ್ಡದು ಮಾಡಿ, ಬಂಗಾಳ ಕೊಲ್ಲಿಯ ನೀಲಿಯ ಮೇಲೆ ಬೇರೆ ಚೌಕಟ್ಟಿನಲ್ಲಿ ಕೂರಿಸಿದೆ. "ಅದಕ್ಕೆ ಅಷ್ಟು ದೊಡ್ಡ ಜಾಗ ಯಾಕೆ?" ಅಂತ ಅಡ್ಮಿನ್ ಕಡೆಯಿಂದ ಪ್ರಶ್ನೆ ಬಂತು. ನಿಮ್ಮ ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್‌ನಲ್ಲಿ ಎಷ್ಟು ಜನ ಅಲ್ಲಿಯವರು, ಎಣಿಸಿ ನೋಡಿ ಅಂದೆ. ಆಮೇಲೆ ಆ ಪ್ರಶ್ನೆ ಬರಲಿಲ್ಲ.

ನಕ್ಷೆಯ ಹೊರಗೆರೆ ವಿಷಯದಲ್ಲಿ ಮಾತ್ರ ಯಾರೂ ಆಟವಾಡಬಾರದು. ಜಾಲದಲ್ಲಿ ಪುಕ್ಕಟೆ ಸಿಗುವ ಅಂತರರಾಷ್ಟ್ರೀಯ ಫೈಲುಗಳಲ್ಲಿ ಜಮ್ಮು–ಕಾಶ್ಮೀರ, ಲಡಾಖ್ ಗಡಿ ನಮ್ಮ ಸರ್ಕಾರದ ನಕ್ಷೆಯಂತೆ ಇರುವುದಿಲ್ಲ. ಇಲ್ಲಿ ಅಂಥದ್ದನ್ನು ಅಚ್ಚು ಹಾಕುವುದು ಕಾನೂನಿನ ಪ್ರಕಾರ ಅಪರಾಧ. ಸರ್ವೆ ಆಫ್ ಇಂಡಿಯಾದ್ದನ್ನೇ ಇಳಿಸಿಕೊಂಡು ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದು, ಅಲ್ಲಿಂದ ಚಿತ್ರ ಬಿಡಿಸುವ ಇಲ್ಲಸ್ಟ್ರೇಟರಿಗೆ ತಂದೆ. ಒಳಗಿನ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶದ ಗೆರೆಗಳನ್ನು ಪೂರ್ತಿ ತೆಗೆಯುವ ಆಸೆ ಇತ್ತು, ಆದರೆ ನೋಡುವವರು ತಮ್ಮ ಊರು ಹುಡುಕಲು ಏನಾದರೂ ಬೇಕಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ತೆಳು ಬೂದು ಗೆರೆ ಉಳಿಸಿದೆ.

ಬಣ್ಣ ಆರಿಸುವುದು ತಮಾಷೆಯ ಕೆಲಸವಾಯಿತು. ಪದಾರ್ಥದ ಬಣ್ಣವನ್ನೇ ಹಾಕೋಣ ಅಂತ ಮೇಜಿನ ಮೇಲೆ ಎಲ್ಲ ಹರಡಿಕೊಂಡೆ. ಹುಣಸೆ ಕಂದು, ಒಣ ಮುರುಗಲು ಕಪ್ಪು, ಕುಡಂಪುಳಿ ಇನ್ನೂ ಕಪ್ಪು, ಆಂಬುಲ ಕಂದುಕಪ್ಪು. ಹುಳಿಗಳೆಲ್ಲ ಒಣಗಿದ ಮೇಲೆ ಒಂದೇ ಮನೆಯವರ ಹಾಗೆ! ಕೊನೆಗೆ ಹಸಿಯಾಗಿದ್ದಾಗಿನ ಬಣ್ಣ ತೆಗೆದುಕೊಂಡೆ. ಮುರುಗಲಿಗೆ ನೇರಳೆಗೆಂಪು, ಮಾವಿನಕಾಯಿಗೆ ಎಳೆಹಸಿರು, ದಾಳಿಂಬೆಗೆ ಕೆಂಪು, ಮೊಸರಿಗೆ ಕೆನೆ, ಹುಣಸೆಗೆ ಮಾತ್ರ ಅದರ ಕಂದು. ಕೆಂಪು–ಹಸಿರು ಗುರುತಿಸಲಾಗದ ಕಣ್ಣುಗಳೂ ಇರುತ್ತವೆ, ಗಂಡಸರಲ್ಲಿ ಜಾಸ್ತಿ. ಹಾಗಾಗಿ ಹಸಿರನ್ನು ತುಂಬಾ ತಿಳಿ, ಕೆಂಪನ್ನು ತುಂಬಾ ಗಾಢ ಮಾಡಿದೆ, ಕಪ್ಪುಬಿಳುಪಿನಲ್ಲಿ ನೋಡಿದರೂ ಬೇರೆ ಕಾಣಬೇಕು. ಎರಡು ಹುಳಿ ಕೂಡುವ ಕಡೆ ಬಣ್ಣ ಒಂದರೊಳಗೊಂದು ಕರಗಿಸಲಿಲ್ಲ. ಚುಕ್ಕಿ ಬೆರೆಸಿದೆ. ಹತ್ತಿರ ಹೋದವರಿಗೆ, ಇಲ್ಲಿ ಎರಡೂ ನಡೆಯುತ್ತದೆ ಅಂತ ತಿಳಿಯುತ್ತದೆ.

ಆಮೇಲೆ ಬಂತು ಮಾಂಸದ ಪ್ರಶ್ನೆ. ಕರಡಿನಲ್ಲಿ ಮೀನು, ಹಂದಿ, ಕೋಳಿಯ ಚಿತ್ರಗಳಿದ್ದವು. "ಎಲ್ಲ ಸಸ್ಯಾಹಾರಿ ಮಾಡಿ, ಯಾರಿಗೂ ಬೇಜಾರಾಗಬಾರದು" ಅಂದರು. ಬೇಜಾರು ಯಾರಿಗೆ ಅನ್ನುವುದನ್ನು ಅಂಕಿಯಲ್ಲೇ ತೋರಿಸಿದೆ. ಸರ್ಕಾರದ ಎಸ್‌ಆರ್‌ಎಸ್ ಸಮೀಕ್ಷೆ (ಜನನ–ಮರಣದ ಲೆಕ್ಕ ಇಡುವ ಮಾದರಿ ಸಮೀಕ್ಷೆ), 2014 ರದ್ದು. 15 ವರ್ಷ ದಾಟಿದವರಲ್ಲಿ ಸಸ್ಯಾಹಾರಿಗಳು ರಾಜಸ್ಥಾನದಲ್ಲಿ ಶೇ 75 ರ ಹತ್ತಿರ, ಕರ್ನಾಟಕದಲ್ಲಿ ಶೇ 21, ಕೇರಳದಲ್ಲಿ ಶೇ 3, ತೆಲಂಗಾಣದಲ್ಲಿ ಶೇ 2 ಕ್ಕೂ ಕಡಿಮೆ. ಮೀನಿಲ್ಲದ ಬಂಗಾಳ, ಪಂದಿ ಕರಿ ಇಲ್ಲದ ಕೊಡಗು ಬಿಡಿಸಿದರೆ ಆ ಊರಿನವರು ಏನಂದಾರು? ಕೊಡಗಿನ ಪಂದಿ ಕರಿಗೆ ಕಾಚಂಪುಳಿ, ನಾಗಾಲ್ಯಾಂಡಿನ ಹಂದಿಮಾಂಸಕ್ಕೆ ಹುಳಿ ಕಳಲೆ. ಕೊಬ್ಬು ಇರುವ ಕಡೆ ಹುಳಿ ಬೇಕೇ ಬೇಕು. ನಕ್ಷೆಯ ಅತಿ ಒಳ್ಳೆಯ ಜೋಡಿಯೇ ಅದು, ಬಿಡುವ ಮಾತೇ ಇಲ್ಲ ಅಂದೆ. ಕೊನೆಗೆ ರಾಜಿಯಾದದ್ದು ಪ್ಯಾಕೆಟ್ಟುಗಳ ಮೇಲಿರುವ ಗುರುತಿನಲ್ಲಿ. ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ತ್ರಿಕೋನ. ಮೊದಲು ಎರಡೂ ದುಂಡಗೆ ಇದ್ದವು, 2020 ರ ನಿಯಮದಲ್ಲಿ ಮಾಂಸಾಹಾರದ್ದನ್ನು ತ್ರಿಕೋನ ಮಾಡಿದರು. ಬಣ್ಣ ಕಾಣದವರಿಗೂ ಆಕಾರ ಕಾಣುತ್ತದೆ. ಆ ಬದಲಾವಣೆ ಯೋಚಿಸಿದವರಿಗೆ ನನ್ನ ಸಲಾಂ.

ಅಕ್ಷರದ ಬಗ್ಗೆ ಸ್ವಲ್ಪ ಹೇಳಬೇಕು, ಕನ್ನಡದಲ್ಲಿ ಪೋಸ್ಟರ್ ಮಾಡುವವರಿಗೆ ಉಪಯೋಗಕ್ಕೆ ಬರಬಹುದು. ಪೋಸ್ಟರಿನ ಅಳತೆ ಎ0, ಅಂದರೆ 841 ಕ್ಕೆ 1,189 ಮಿಲಿಮೀಟರ್. ಆರಡಿ ದೂರದಿಂದ ಓದುವ ಹೆಸರುಗಳು ಒಂದೂವರೆ ಸೆಂಟಿಮೀಟರ್ ಎತ್ತರ ಇದ್ದರೆ ಆರಾಮ. ಇಲ್ಲಸ್ಟ್ರೇಟರ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿಗೆ ಹೋಗಿ ದಕ್ಷಿಣ ಏಷ್ಯಾದ ಕಂಪೋಸರ್ (ನಮ್ಮ ಲಿಪಿಗಳನ್ನು ಜೋಡಿಸುವ ಆಯ್ಕೆ) ಆರಿಸದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ, 'ಗುಂಡ್ರುಕ್' ಅಂಥ ಹೆಸರು ಕೆಟ್ಟುಹೋಗುತ್ತದೆ. ಇಂಗ್ಲಿಷಿಗೆ ಸಾಲುಗಳ ನಡುವೆ ಶೇ 120 ಅಂತರ ಸಾಕು. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಅಷ್ಟರಲ್ಲಿ ಉಸಿರು ಕಟ್ಟುತ್ತದೆ. ನಾನು 150 ಇಟ್ಟೆ. ಫಾಂಟ್ 'ಅನೇಕ್ ಕನ್ನಡ'. ಅದರಲ್ಲಿ ಅಕ್ಷರದ ಅಗಲ ಕಿರಿದು ಮಾಡಿಕೊಳ್ಳಬಹುದು, ಗೋವಾದಂಥ ಸಣ್ಣ ಜಾಗಕ್ಕೆ ಅದೇ ಬೇಕಾಗಿದ್ದು. ಪ್ರೆಸ್ಸಿಗೆ ಕೊಡುವ ಮುಂಚೆ ಅಕ್ಷರಗಳನ್ನೆಲ್ಲ ಗೆರೆಯ ಚಿತ್ರವಾಗಿಸಿ, ಅಂದರೆ ಔಟ್‌ಲೈನ್ ಮಾಡಿಬಿಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುತ್ತದೆ ಅಂತ ನಂಬಬೇಡಿ.

ಪ್ರೆಸ್ಸಿನಲ್ಲಿ ಮುರುಗಲಿನ ನೇರಳೆ ಮಂಕಾಗಿ ಬಂತು. ಪರದೆಯ ಮೇಲೆ ಬೆಳಕಿನಿಂದ ಹೊಳೆಯುವ ನೇರಳೆಯನ್ನು ನಾಲ್ಕು ಶಾಯಿಯಲ್ಲಿ ತರುವುದು ಕಷ್ಟ. "ಮೆಜೆಂಟಾ ಜಾಸ್ತಿ ಮಾಡಿ, ಸಯಾನ್ ಇಳಿಸ್ಬಿಡಿ ಮೇಡಂ, ಆಗ ಏಳುತ್ತೆ" ಅಂದರು ಮೆಷಿನ್ ಮುಂದೆ ಕೂತಿದ್ದ ಅಣ್ಣ. ಹಾಗೇ ಮಾಡಿದೆ, ಎದ್ದಿತು. ವಿನೈಲ್ ಮೇಲೆ ಅಚ್ಚು, ಹಿಂದೆ ಸನ್‌ಬೋರ್ಡ್, ಮೇಲೆ ಮ್ಯಾಟ್ ಲ್ಯಾಮಿನೇಷನ್. ಗ್ಲಾಸಿ ಹಾಕಿದರೆ ಟ್ಯೂಬ್‌ಲೈಟು ಕಣ್ಣಿಗೆ ಹೊಡೆದು ಅರ್ಧ ಭಾರತ ಕಾಣುವುದಿಲ್ಲ.

ಪೋಸ್ಟರಿನ ಪಕ್ಕ ಒಂದು ಬಿಳಿ ಹಾಳೆ ಅಂಟಿಸಿ, ದಾರಕ್ಕೆ ಪೆನ್ನು ಕಟ್ಟಿ, "ನಿಮ್ಮೂರಿನದು ಬಿಟ್ಟುಹೋಗಿದ್ದರೆ ಬರೆಯಿರಿ" ಅಂತ ಹಾಕಿಸಿದ್ದೆ. ಹಾಳೆ ತುಂಬಿತು. ದಕ್ಷಿಣ ಕನ್ನಡದವರೊಬ್ಬರು ಬಿಂಬುಳಿ ಎಲ್ಲಿ ಅಂತ ಕೇಳಿದ್ದರು. ವಿದರ್ಭದವರು ಎಣ್ಣೆಯ ಸಣ್ಣ ನಕ್ಷೆಗೆ ಅಗಸೆ ಎಣ್ಣೆ ಸೇರಿಸಿ ಅಂದಿದ್ದರು. ಗುಜರಾತಿನ ದಾಲ್‌ಗೂ ಕೋಕಂ (ನಮ್ಮ ಮುರುಗಲು) ಹಾಕುತ್ತೇವೆ, ಬೆಲ್ಲದ ಜೊತೆ, ನಮ್ಮ ಮೇಲೂ ನೇರಳೆ ಚುಕ್ಕಿ ಬರಲಿ ಅಂತ ಇನ್ನೊಬ್ಬರು. ಎಲ್ಲಕ್ಕಿಂತ ಜಾಸ್ತಿ ಸಲ, ಬೇರೆ ಬೇರೆ ಕೈಬರಹದಲ್ಲಿ, ಬೇರೆ ಬೇರೆ ಲಿಪಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಟೊಮೆಟೊ ಎಲ್ಲಿ?

ಟೊಮೆಟೊ ಬೇಕಂತಲೇ ಬಿಟ್ಟಿದ್ದೆ. ರಿಫೈನ್ಡ್ ಎಣ್ಣೆಯ ಕಥೆಯೇ ಅದು, ಹಾಕಿದರೆ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಕೆಂಪು. ಆದರೆ ಅಷ್ಟು ಜನ ಕೇಳಿದ ಮೇಲೆ ಇಲ್ಲ ಅನ್ನಲಾಗಲಿಲ್ಲ. ಎರಡನೇ ಮುದ್ರಣದಲ್ಲಿ ಪೋಸ್ಟರಿನ ಕೆಳಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಕೆಂಪು ಪಟ್ಟಿ ಎಳೆದು "ಟೊಮೆಟೊ: ಈಗ ಎಲ್ಲೆಲ್ಲೂ" ಅಂತ ಬರೆದೆ. ಅದನ್ನು ಗೋಡೆಗೆ ಕೂರಿಸುವಾಗ ಕ್ಯಾಂಟೀನಿನ ಅಡುಗೆಯವರು ಬಂದು ನಿಂತರು. ಕರ್ನಾಟಕದ ಮೇಲಿದ್ದ ಹುಣಸೆಯ ಕಂದು ನೋಡಿದರು, ಕೆಳಗಿನ ಕೆಂಪು ಪಟ್ಟಿ ನೋಡಿದರು. "ನಮ್ಮ ಸಾಂಬಾರಿಗೆ ಹಾಕೋದು ಈ ಕೆಳಗಿಂದೇ ಮೇಡಂ," ಅಂದರು. "ಹುಣಸೆಹಣ್ಣಿನ ರೇಟು ನೋಡಿದ್ದೀರಾ?"